ಕುಂಡದಲ್ಲಿ ಕೂತ ಬೊಂಬಾಯಿ ಗಿಡ

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿದ್ದರೂ ಕುಮಟೆಯ ದೊಡ್ಡಸ್ತಿಕೆಯೆಲ್ಲ ಇನ್ನೂ ಮುಂಬಯಿಯಿಂದಲೇ ಬರುತ್ತಿತ್ತು. ಡಾಕ್ಟರರ ಹೆಂಡತಿ ಸುಮತಿಬಾಯಿಯವರ ಪಾಮ್ ಗಿಡವೂ ಹಾಗೇ ಬಂದದ್ದು. ತಿಂಗಳ ಮಟ್ಟಿಗೆ ತವರಿಗೆ ಹೊರಟಾಗ ಅವರು ಆ ಮೊಣಕಾಲೆತ್ತರದ ಗಿಡವನ್ನು ಕುಂಡದ ಸಮೇತ ಪಕ್ಕದ ಮನೆಯ ಶ್ರೀಮತಿ ಎಂಬವಳಿಗೆ ಒಪ್ಪಿಸಿದರು.

"ನನ್ನ ತಾಯಿ ಕೊಟ್ಟದ್ದು. ಇದನ್ನು ಸರಿಯಾಗಿ ನೋಡಿಕೊಂಡರೆ ನನ್ನ ಬಾಲವಾಡಿಯ ಮಕ್ಕಳನ್ನೂ ನಿನ್ನ ಕೈಗೇ ಕೊಡ್ತೇನೆ" ಎಂದರು.

ಶ್ರೀಮತಿಯ ಕಾಲು ಆಮೇಲೆ ನೆಲದ ಮೇಲೆ ನಿಲ್ಲಲಿಲ್ಲ. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಮದುವೆಯಾದವಳು. ಟೀಚರಾಗಿ ಊರ ಮಕ್ಕಳ ಬಾಯಲ್ಲಿ 'ಅಕ್ಕೋರೇ' ಅನ್ನಿಸಿಕೊಳ್ಳುವುದೇ ಅವಳ ಆಸೆ. ಅಡುಗೆಮನೆಯ ಪಾತ್ರೆಗಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಕೊಟ್ಟಳು. ಚೊಂಬು ಜಾಣ, ಸೌಟು ಮಹಾ ತಂಟೆಕೋರ. ಗಿಡಕ್ಕಂತೂ ರಾಜೋಪಚಾರ. ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುವಳು, ಮಣ್ಣಿಗೆ ಬೆರಳಿಟ್ಟು ಒಣಗಿದ್ದರೆ ಮಾತ್ರ ನೀರು ಹಾಕುವಳು, ಕಿಟಕಿಯ ಬೆಳಕು ಎಲ್ಲ ಕಡೆಗೂ ಸಿಗಲೆಂದು ಕುಂಡ ತಿರುಗಿಸುವಳು.

ಒಂದು ದಿನ ಮಿರ್ಜಾನದಿಂದ ಅವಳ ಅಪ್ಪ ತ್ರ್ಯಂಬಕ ಭಟ್ಟರು ಬಂದರು. ತಲೆತಲಾಂತರದ ಅಡಿಕೆ ತೋಟದವರು. ಗಿಡ ಕಂಡವರೇ ಹೌಹಾರಿದರು.

"ಇದೆಂತದೇ ಕೂಸೇ! ಬಡಕಲು ಅಡಕೆ ಸಸಿನ ಒಳಗೆ ಕೂರ್ಸಿ ಬಾಣಂತನವಾ?"

"ಅಡಕೆ ಅಲ್ಲ ಅಪ್ಪಯ್ಯ, ಪಾಮು. ಬಿಸಿಲಿಗೆ ಇಡ್ಲಾಗ, ನೀರು ಜಾಸ್ತಿ ಹಾಕ್ಲಾಗ."

"ಎಲೆ ಅಡಕೆದು, ಹೆಸರು ಬೊಂಬಾಯಿದು!" ಎಂದು ನಕ್ಕು ಎಲೆಯಡಿಕೆಯ ಕವಳ ಹಾಕಿಕೊಂಡು ಹೋದರು. ಆದರೆ ಅಡಿಕೆಯವನ ಮಗಳ ಮನೆಯಲ್ಲಿ ಬಡಕಲು ಸಸಿ ಎಂದರೆ ಮಾನದ ಪ್ರಶ್ನೆ. ಭಟ್ಟರಿಗೆ ಅನ್ನ ರುಚಿಸಲಿಲ್ಲ.

ಬಾಯಿಯವರು ಮರಳುವ ಮುನ್ನಾದಿನ ಶ್ರೀಮತಿ ದೇವಸ್ಥಾನದಿಂದ ಬಂದು ನೋಡುತ್ತಾಳೆ, ಕುಂಡದಲ್ಲಿ ಬೇರೆಯೇ ಸಸಿ! ದಪ್ಪ ಬುಡ, ಮಿರಮಿರ ಮಿಂಚುವ ಎಲೆ. ಗಂಡ ಹರಿಹರ ಕೈ ತೊಳೆಯುತ್ತ ಹಿಗ್ಗಿನಿಂದ ಹೇಳಿದ:

"ಮಾವ ಬಂದಿದ್ದ. ಒಳ್ಳೇ ತಳಿದು ಇಟ್ಟು, ಆ ಬಡಕಲು ಸಸಿನ ತೋಟಕ್ಕೆ ತಗಂಡು ಹೋದ. ನಾನೇ ಮಣ್ಣು ಒತ್ತಿದ್ದು!"

ಶ್ರೀಮತಿ ಅತ್ತಳು, ಆಮೇಲೆ ಸೌಟು ಎತ್ತಿದಳು. ಬೆಳಗಿನ ಮೊದಲ ಬಸ್ಸಿಗೇ ಹರಿಹರ ಮಿರ್ಜಾನಕ್ಕೆ ಓಡಿದ.

ಅವನು ಮರಳುವ ಮೊದಲೇ ಸುಮತಿಬಾಯಿ ಬಾಗಿಲಲ್ಲಿ ನಿಂತಿದ್ದರು. ಕುಂಡ ನೋಡಿ ಅವರ ಕಣ್ಣರಳಿತು.

"ಅಬ್ಬಬ್ಬಾ, ಎಷ್ಟು ಚಂದ ಬೆಳೆಸಿದ್ದೀಯೇ! ನಾಳೆಯಿಂದಲೇ ಬಾಲವಾಡಿಗೆ ಬಾ."

ಸುಮ್ಮನೆ ತಲೆಯಾಡಿಸಿದ್ದರೆ ಮುಗಿದಿತ್ತು. ಶ್ರೀಮತಿ ತಲೆಯಾಡಿಸಲೂ ಹೊರಟಳು. ಅಷ್ಟರಲ್ಲಿ ಬಾಯಿಯವರು ತಾಯಿಯನ್ನು ನೆನೆದು ಆ ಅಡಿಕೆ ಸಸಿಯನ್ನು ಸವರಿ, "ನನ್ನ ಆಯಿಯ ಕೈಗುಣ" ಎಂದುಬಿಟ್ಟರು. ಶ್ರೀಮತಿಗೆ ಭಯ, ದುಃಖ ಒಟ್ಟಿಗೇ ಬಂದು, ಹಾಳಾದ್ದು, ನಗುವಾಗಿ ಹೊರಬಿತ್ತು. ಸೆರಗು ಬಾಯಿಗೊತ್ತಿದರೂ ನಿಲ್ಲಲಿಲ್ಲ.

"ಬಾಯೀ, ಅದು ನಿಮ್ಮ ಆಯಿದಲ್ಲ. ನಮ್ಮ ಅಪ್ಪಯ್ಯಂದು!" ಎಂದು ನಡೆದದ್ದನ್ನೆಲ್ಲ ಹೇಳಿದಳು.

ಬಾಯಿಯವರ ಮುಖ ಸಣ್ಣದಾಯಿತು. ಶ್ರೀಮತಿಯ ನಗು ಅಲ್ಲಿಗೆ ಸತ್ತಿತು.

ಆಗಲೇ ಮಾವ ಅಳಿಯ ಏದುಸಿರು ಬಿಡುತ್ತ ಒಳನುಗ್ಗಿದರು. ಭಟ್ಟರ ತೋಳಲ್ಲಿ, ಅಡಿಕೆ ಹಾಳೆಯಲ್ಲಿ ಬುಡದ ಮಣ್ಣಿನ ಸಮೇತ ಸುತ್ತಿದ ಪಾಮು. ಒಂದು ಗರಿಯೂ ಬಾಡಿರಲಿಲ್ಲ.

"ತಗಳಿ ಬಾಯಿ, ನಮ್ಮ ತೋಟದ ಗಾಳಿ ಕುಡದ್ದು. ಇನ್ನು ಎಷ್ಟು ಕೊನೆ ಬಿಡ್ತು ನೋಡಿ!"

"ಇದು ಕಾಯಿ ಬಿಡುವುದಿಲ್ಲ ಭಟ್ಟರೇ. ಬರೀ ಚಂದಕ್ಕೆ ಇಡೋದು."

"ಚಂದಕ್ಕಾ?" ಭಟ್ಟರು ಗಿಡ ನೋಡಿದರು, ಹರಿಹರನನ್ನು ನೋಡಿದರು. "ಫಸಲು ಇಲ್ಲೆ, ಕೆಲಸ ಇಲ್ಲೆ, ಒಳಗೆ ಕೂರ್ಸಿ ಉಪಚಾರ! ಹಂಗಾರೆ ಇದು ಸಸಿ ಅಲ್ಲ, ಅಳಿಯ."

ಬಾಯಿಯವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಹರಿಹರನೂ ನಕ್ಕ, ಬೇರೆ ದಾರಿ ಇರಲಿಲ್ಲ. ಕಣ್ಣೊರೆಸಿಕೊಂಡು ಬಾಯಿಯವರು, "ನೀನು ಬಾಯಿ ಬಿಡದಿದ್ದರೆ ಜನ್ಮವಿಡೀ ನಾನು ಅಡಿಕೆ ಮರಕ್ಕೆ ಆಯಿಯ ಹೆಸರಲ್ಲಿ ನೀರು ಹೊಯ್ಯುತ್ತಿದ್ದೆ" ಎಂದರು. ಪಾಮನ್ನು ಎದೆಗವಚಿಕೊಂಡು ಮೆಟ್ಟಿಲಿಳಿದವರು ತಿರುಗಿ ಕೂಗಿದರು:

"ಬೆಳಿಗ್ಗೆ ಹತ್ತಕ್ಕೆ, ಅಕ್ಕೋರೇ!"

ಯಾವ ಅಕ್ಕೋರು ಬಂದಿದ್ದಾರೆಂದು ಶ್ರೀಮತಿ ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.