ಕಸ್ತೂರಿಬಾಯಿಯ ದವಡೆ ಹಲ್ಲು

ಕಸ್ತೂರಿಬಾಯಿ ಖಡಕ್ ರೊಟ್ಟಿ ತಿನ್ನುವುದನ್ನು ಬಿಟ್ಟಿದ್ದು ಮನೆಯಲ್ಲಿ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಆಳಂದದ ಆ ಮನೆಯಲ್ಲಿ ಇಂದಿಗೂ ರೊಟ್ಟಿ ಬಡಿಯುವವಳು ಅವಳೇ. ಬಡಿದು, ಬೇಯಿಸಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿ, ಮಗ ಅನೀಲಕುಮಾರನಿಗೂ ಸೊಸೆ ಭಾಗ್ಯಜ್ಯೋತಿಗೂ ಬಡಿಸಿದ ಮೇಲೆ ತಾನು ಹಿಂದೆ ಉಳಿದು ಉಣ್ಣುತ್ತಿದ್ದಳು. ರೊಟ್ಟಿ ಚೂರನ್ನು ಬೇಳೆಯಲ್ಲಿ ಅದ್ದಿ, ಮೆತ್ತಗಾಗುವ ತನಕ ಕಾದು, ಬಲಗಡೆಯಿಂದಷ್ಟೇ ಅಗಿದು ನುಂಗುವುದು ಅವಳಿಗೆ ವರ್ಷಗಳ ರೂಢಿಯಾಗಿತ್ತು. ಎಡಗಡೆಯ ದವಡೆ ಹಲ್ಲೊಂದು ಮುರಿದು ಬುಡ ಕೊಳೆತಿತ್ತು. ನೋವು ಎದ್ದಾಗ ಲವಂಗ ಇಟ್ಟುಕೊಂಡು, ಸೆರಗಿನಿಂದ ಗಲ್ಲ ಒತ್ತಿಕೊಂಡು, "ಗಾಳಿ ಬಡದದ" ಎಂದು ಮಲಗಿಬಿಡುತ್ತಿದ್ದಳು.

ದೀಪಾವಳಿ ಮುಗಿದ ವಾರ ಗಲ್ಲ ಬಾತು ಕಣ್ಣಿನ ತನಕ ಏರಿತು. ಇನ್ನು ಮುಚ್ಚಿಡುವಂತಿರಲಿಲ್ಲ.

"ಅತ್ತೀ, ಇದು ಗಾಳಿ ಅಲ್ಲ. ಹಲ್ಲು," ಎಂದಳು ಭಾಗ್ಯಜ್ಯೋತಿ. ಅವಳು ಕಡಗಂಚಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೌಕರಿ ಮಾಡುವವಳು. ಮಾತು ಕಡಿಮೆ, ಹಟ ಜಾಸ್ತಿ. ಅವತ್ತು ರಜೆ ಹಾಕಿ, ಅತ್ತೆಯನ್ನು ಹಲ್ಲಿನ ದವಾಖಾನೆಗೆ ಕರೆದುಕೊಂಡೇ ಹೋದಳು.

ಡಾಕ್ಟರ್ ಪ್ರಾಚಿ ವಯಸ್ಸಿನಲ್ಲಿ ಸಣ್ಣವಳು, ಮುಖದಲ್ಲಿ ನಗೆಯಿತ್ತು. ಉದ್ದನೆಯ ಕುರ್ಚಿ ತೋರಿಸಿ, ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಹತ್ತಿರ ಬಂದಳು.

"ಕೂಡ್ರಿ ಅಮ್ಮಾ. ಅಂಜಬ್ಯಾಡ್ರಿ. ಇವತ್ತ ಬರೇ ನೋಡ್ತೇನಿ."

ಆ ಮಾತು ಕೇಳಿದ್ದೇ ತಡ, ಕಸ್ತೂರಿಬಾಯಿ ಕುರ್ಚಿಯಿಂದ ಇಳಿದಳು. ಸೊಸೆ ಹಿಡಿಯುವ ಮೊದಲೇ ಬಾಗಿಲು ದಾಟಿ, ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟುವುದನ್ನೂ ಮರೆತು ರಸ್ತೆಯ ಮೇಲಿದ್ದಳು. ಭಾಗ್ಯಜ್ಯೋತಿ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಬೇಕಾಯಿತು.

ಮನೆಗೆ ಬಂದ ಮೇಲೆ ಸೊಸೆ ಬೈಯಲಿಲ್ಲ. ಚಹಾ ಮಾಡಿ, ಆರಿಸಿ, ಬಟ್ಟಲಲ್ಲಿ ಹಾಕಿ ಮುಂದಿಟ್ಟು ಕೂತಳು.

"ಯಾಕ್ರಿ ಅತ್ತೀ? ಪಾಪ ಆಕಿ ಮುಟ್ಟೂ ಇಲ್ಲ."

"ಬರೇ ನೋಡ್ತೇನಿ ಅಂದ್ಲಲ್ಲ," ಎಂದಳು ಕಸ್ತೂರಿಬಾಯಿ. ಆಮೇಲೆ, ಎಂದೂ ಯಾರಿಗೂ ಹೇಳದ ಮಾತನ್ನು ಹೇಳಿದಳು.

ಅವಳ ತವರು ಕಿಣ್ಣಿ ಸುಲ್ತಾನ ಎಂಬ ಹಳ್ಳಿ. ಅಪ್ಪ ಶಾಂತಲಿಂಗಪ್ಪ ಭೂಮಿ ಉಳ್ಳವನು, ತೊಗರಿ ಬೆಳೆಯುವವನು. ಊರಲ್ಲಿ ಅವನ ಮಾತಿಗೆ ಬೆಲೆಯಿತ್ತು. ಕಸ್ತೂರಿ ಅವನ ಒಬ್ಬಳೇ ಮಗಳು. ಹೊಲಕ್ಕೆ ಹೋದರೆ ಹೆಗಲ ಮೇಲೆ ಅವಳಿರಬೇಕು, ಉಣ್ಣಲು ಕೂತರೆ ಮೊದಲ ತುತ್ತು ಅವಳಿಗೆ. ಅವಳು ಸಣ್ಣ ಹುಡುಗಿಯಿದ್ದಾಗ ಹೀಗೇ ಒಂದು ಹಲ್ಲು ಕೀವು ತುಂಬಿ, ಜ್ವರ ಬಂದು, ಅನ್ನ ನೀರು ಬಿಟ್ಟಳು. ಅಪ್ಪ ಗಾಡಿ ಹೂಡಿಸಿ ಆಳಂದಕ್ಕೆ ಕರೆತಂದ. ಗಾಡಿ ಹೊಡೆಯಲು ಆಳು ಬೀರಣ್ಣ. ಜೊತೆಗೆ, ಬಿಟ್ಟಿರಲಾರದ ಗೆಳತಿ, ಬಾಜೂಮನೆಯ ಖಾಸೀಂಬಿ. ಸಂತೆಯಲ್ಲಿ ಸೋಲಾಪುರದ ಕಡೆಯಿಂದ ಬರುತ್ತಿದ್ದ ಹಲ್ಲು ಕೀಳುವವನೊಬ್ಬ ಬಟ್ಟೆ ಹಾಸಿ ಕೂತಿದ್ದ.

"ಬರೇ ನೋಡ್ತಾರ ಕೂಸೇ, ಬಾಯಿ ತಗೀ, ಅಂದ ಅಪ್ಪ. ಹಲ್ಲಿನವನೂ ಹಂಗೇ ಅಂದ. ತಗದೆ. ಅಪ್ಪ ಹಿಂದಿನಿಂದ ಭುಜ ಅಮುಕಿದ, ಬೀರಣ್ಣ ಕಾಲು ಹಿಡದ. ಇಕ್ಕಳ ಒಳಗ ಬಂತು." ಕಸ್ತೂರಿಬಾಯಿ ಬಟ್ಟಲು ಕೆಳಗಿಟ್ಟಳು. "ನೋವು ಮರತೀನಿ ನೋಡು. ಅಪ್ಪನ ಕೈ ಮರತಿಲ್ಲ. ಆ ಮ್ಯಾಲೆ ಅಂವ ತಲಿ ಸವರಾಕ ಬಂದ್ರೂ ಮೈ ಬಿಗೀತಿತ್ತು. ಲಗ್ನದಾಗ ಕಳಿಸಿಕೊಡೋವಾಗ ಸುದ್ದಾ."

ಭಾಗ್ಯಜ್ಯೋತಿ ಅತ್ತೆಯ ಮೊಣಕಾಲಿನ ಮೇಲೆ ಕೈ ಇಟ್ಟಳು. ಮರುದಿನ ಒಬ್ಬಳೇ ಹೋಗಿ ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಬಂದಳು. ಆಮೇಲೆ ಡಾಕ್ಟರ್ ಪ್ರಾಚಿಯದೇ ಫೋನು ಬಂತು. "ತಪ್ಪು ಮಾತಾಡಿದೆ ಅಮ್ಮಾ. ಆ ಕುರ್ಚಿ ಬ್ಯಾಡ, ಹೊರಗಿನ ಖೋಲಿಯೊಳಗ ಕೂಡೋಣು. ಮಾತಾಡೋಣು ಬರ್ರಿ. ನೀವು ಹೂಂ ಅನ್ನೋ ತನಕ ನಾ ಕನ್ನಡಿ ಸುದ್ದಾ ಹಿಡಿಯಂಗಿಲ್ಲ."

ತಪ್ಪಾಯಿತೆಂದ ಡಾಕ್ಟರನ್ನು ಕಸ್ತೂರಿಬಾಯಿ ಈವರೆಗೆ ಕಂಡಿರಲಿಲ್ಲ. ಹೋದಳು.

ಹೊರಗಿನ ಖೋಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಎದುರುಬದುರು ಕೂತರು. ಬಾವು ಇಳಿಯಲು ಮೊದಲು ಗುಳಿಗೆ ತಿನ್ನಬೇಕು, ಆಮೇಲೆ ಹಲ್ಲು ತೆಗೆಯಬೇಕು ಎಂದಳು ಪ್ರಾಚಿ. ಬಿಪಿ ಕೇಳಿದಳು, ಸಕ್ಕರೆ ಕಾಯಿಲೆ ಕೇಳಿದಳು, ದಮ್ಮು ಉಂಟೇನು ಎಂದು ಕೇಳಿದಳು. ಬಿಪಿಯ ಗುಳಿಗೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಹಲ್ಲಿನ ಸುತ್ತ ಜೋಮು ಹಿಡಿಸೋ ಸೂಜಿ ಅಂತೂ ಕೊಡೋದೇ ಅದ. ಅದು ನೋವಿಗೆ. ಅಂಜಿಕಿಗೆ ಬ್ಯಾರೆ ಔಷಧ ಅದ."

"ಅಂಜಿಕಿಗೂ ಔಷಧ ಬಂದದೇನ್ರಿ?"

"ಬಂದು ಭಾಳ ದಿನ ಆತು. ಒಂದು ಗುಳಿಗಿ ಅದ, ಮುಂಚೇನೇ ನುಂಗಿ ಬರೋದು. ಕಣ್ಣು ಎಳೀತಾವ, ಮನಸ್ಸು ಹಗುರ ಆಗ್ತದ. ಆದ್ರ ಆ ದಿನೆಲ್ಲ ಮಂಪರು ಇರ್ತದ."

"ಪೂರಾ ನಿದ್ದಿ ಬರೋದೂ ಅದ ಅಂತಲ್ರಿ?" ಎಂದಳು ಭಾಗ್ಯಜ್ಯೋತಿ.

"ಅದ. ನರದಾಗ ಔಷಧ ಬಿಡೋದು. ಅದಕ್ಕ ಕಲಬುರಗಿಯಿಂದ ಅರಿವಳಿಕೆ ಡಾಕ್ಟರ್ ಬರಬೇಕು, ಹೊಟ್ಟಿ ಖಾಲಿ ಇಟ್ಕೊಂಡು ಬರಬೇಕು. ಎದ್ದ ಮ್ಯಾಲೆ ಏನಾತು ಅಂತ ನೆಪ್ಪೂ ಇರಂಗಿಲ್ಲ ಬಹುಶಃ."

"ಅದು ಬ್ಯಾಡೇ ಬ್ಯಾಡ." ಕಸ್ತೂರಿಬಾಯಿ ಕೈ ಆಡಿಸಿದಳು. "ನಾ ಮಲ್ಕೊಂಡಾಗ ನನಗ ಗೊತ್ತಿಲ್ದಂಗ ಏನರ ಮಾಡೋದು ಬ್ಯಾಡ. ನಾ ಎಚ್ಚರ ಇರಬೇಕು."

"ಹಂಗಾರ ನಗಿಗಾಳಿ ಅಂತ ಒಂದು ಅದ, ಆ ಗಾಳಿ ತಗೋರಿ. ಮೂಗಿನ ಮ್ಯಾಲೆ ಮೆತ್ತನ ಮುಚ್ಚಳ ಇಡ್ತೇನಿ, ಉಸಿರು ಎಳಕೋತ ಇರೋದು, ಅಷ್ಟೇ. ಎಚ್ಚರ ಇರ್ತೀರಿ, ನಾ ಕೇಳಿದ್ದಕ್ಕ ಉತ್ತರ ಕೊಡ್ತೀರಿ. ಕೈ ಕಾಲು ಬೆಚ್ಚಗಾಗಿ, ಅಂಜಿಕಿ ದೂರ ಹೋಗಿ ಕೂತಂಗ ಅನಸ್ತದ. ಮುಗದ ಮ್ಯಾಲೆ ಬರೇ ಆಕ್ಸಿಜನ್ ಕೊಟ್ರ ಜಲ್ದಿ ಇಳದುಬಿಡ್ತದ."

"ಕೈ ಕಾಲು ಯಾರರ ಹಿಡೀತಾರೇನು?"

"ಯಾರೂ ಹಿಡಿಯಂಗಿಲ್ಲ. ನಿಮಗ ಬ್ಯಾಡ ಅನಿಸಿದ್ರ ಎಡಗೈ ಎತ್ರಿ. ನಾ ನಿಂದ್ರಸ್ತೇನಿ. ಯಾಕ ಅಂತ ಕೇಳಂಗಿಲ್ಲ. ಬೇಕಂದ್ರ ನೀವೇ ಯಾರದರ ಕೈ ಹಿಡ್ಕೊಂಡು ಮಲಕೋರಿ. ಯಾರನ್ನ ಕರ್ಕೊಂಡ್ ಬರ್ತೀರಿ?"

ಭಾಗ್ಯಜ್ಯೋತಿ ತಾನೇ ಎಂದುಕೊಂಡಿದ್ದಳು. ಕಸ್ತೂರಿಬಾಯಿಯ ಬಾಯಿಂದ ಬಂದ ಹೆಸರು ಬೇರೆ. "ಖಾಸೀಂಬಿ," ಎಂದಳು.

ಖಾಸೀಂಬಿ ಈಗ ಜೇವರ್ಗಿಯಲ್ಲಿದ್ದಳು. ಲಗ್ನವಾಗಿ ಹೋದ ಊರು ಅದು. ಗಂಡ ತೀರಿಕೊಂಡಿದ್ದ, ಮಗ ಹಫೀಜ ಬಸ್‌ಸ್ಟ್ಯಾಂಡ್ ಎದುರು ಟೈರಿನ ಅಂಗಡಿ ಇಟ್ಟಿದ್ದ. ಒಬ್ಬರನ್ನೊಬ್ಬರು ಕಣ್ಣಾರೆ ಕಂಡು ಎಷ್ಟು ವರ್ಷವಾಯಿತೆಂಬುದೇ ಇಬ್ಬರಿಗೂ ನೆನಪಿರಲಿಲ್ಲ. ರಮಜಾನಿಗೆ ಒಂದು ಫೋನು, ಬಸವ ಜಯಂತಿಗೆ ಒಂದು ಫೋನು, ಅಷ್ಟಕ್ಕೇ ಗೆಳೆತನ ಉಳಿದಿತ್ತು.

"ಅರೇ ಕಸ್ತೂರಿ, ನಿನ್ನ ಮಗನ ಲಗ್ನಕ್ಕ ಕರದ್ರ ನಂಗ ಬರಾಕ ಆಗ್ಲಿಲ್ಲ. ಹಲ್ಲು ಕೀಳಸೋ ಲಗ್ನಕ್ಕ ಬರ್ತೇನಿ ತಗೋ," ಎಂದು ಆ ಕಡೆಯಿಂದ ಖಾಸೀಂಬಿ ನಕ್ಕಳು. ಅವಳ ನಗೆ ಮಾತ್ರ ಹಾಗೇ ಇತ್ತು, ತಾಮ್ರದ ಕೊಡದಲ್ಲಿ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದಂತೆ.

ಬಾವು ಇಳಿಯುವ ಹೊತ್ತಿಗೆ ಖಾಸೀಂಬಿ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಬಂದಿಳಿದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ಹಲ್ಲು ಕಪ್ಪಾಗಿದ್ದವು. ಬಾಗಿಲಲ್ಲೇ ಇಬ್ಬರೂ ಒಬ್ಬರ ಮುಖ ಒಬ್ಬರು ಹಿಡಿದು ನೋಡಿದರು. ಆಮೇಲೆ ಖಾಸೀಂಬಿ ಚೀಲ ಬಿಚ್ಚಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಹುರಿದ ಕಡಲೆ ಸಾಲಾಗಿ ಇಟ್ಟಳು.

"ಹಲ್ಲಿಲ್ದಾಕಿಗೆ ಇದನ್ನ ತಂದೀಯಲ್ಲ ಬೇ!"

"ಯಾ ಅಲ್ಲಾ! ನಿನಗ ಸೇರತದ ಅಂತ ಮಾಡಿದೆ, ಹಲ್ಲಿನ ಮಾತೇ ಮರತೆ."

ಇಬ್ಬರೂ ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು. ಅನೀಲಕುಮಾರ ತನ್ನ ಅಂಗಡಿಯಿಂದ ಬಂದವನು ತಾಯಿ ಹೀಗೆ ನಗುವುದನ್ನು ನೋಡಿ ಹೊಸ್ತಿಲಲ್ಲೇ ನಿಂತ.

ಮರುದಿನ ಮುಂಜಾನೆ ಆ ಉದ್ದನೆಯ ಕುರ್ಚಿಯ ಮೇಲೆ ಕಸ್ತೂರಿಬಾಯಿ ಒರಗಿದಾಗ ಬಲಗೈ ಖಾಸೀಂಬಿಯ ಕೈಯಲ್ಲಿತ್ತು. ಬೆವರುತ್ತಿದ್ದದ್ದು ಮಾತ್ರ ಖಾಸೀಂಬಿಯ ಅಂಗೈ. ಡಾಕ್ಟರ್ ಒಂದೊಂದನ್ನೂ ಮೊದಲು ತೋರಿಸಿ, ಹೇಳಿ, ಆಮೇಲೆ ಮುಟ್ಟಿದಳು. ಬೆರಳಿಗೆ ಒಂದು ಕ್ಲಿಪ್ಪು ಹಾಕಿದಳು. ಮೂಗಿನ ಮೇಲೆ ಮುಚ್ಚಳ ಬಂತು. ಸ್ವಲ್ಪ ರಬ್ಬರಿನ ವಾಸನೆ, ಆಮೇಲೆ ಏನೋ ತೆಳ್ಳನೆಯ ಸಿಹಿ.

"ಉಸಿರು ಸಾವಕಾಶ ಎಳಕೋರಿ ಅಮ್ಮಾ. ಹ್ಯಾಂಗನಸ್ತದ?"

"ಕಾಲು ಜುಮು ಜುಮು ಅನ್ನಾಕತ್ತದ."

ಕಾಲಿನಿಂದ ಬೆಚ್ಚನೆಯದೊಂದು ಮೇಲೆ ಹತ್ತಿತು. ನೆತ್ತಿಯ ಮೇಲಿನ ದೀಪ ದೊಡ್ಡದಾಗಿ ಹಳದಿ ಚೆಲ್ಲಿತು. ತೊಗರಿ ಹೂವಿನ ಹಳದಿ. ಎರಡೂ ಕಡೆ ಹೊಲ, ನಡುವೆ ಗಾಡಿ ದಾರಿ, ಗಾಲಿಯ ಕಿರ್ರೆನ್ನುವ ಸದ್ದು. ತಾನು ಗಾಡಿಯಲ್ಲಿ ಅಂಗಾತ ಮಲಗಿದ್ದಾಳೆ, ತಲೆ ಖಾಸೀಂಬಿಯ ತೊಡೆಯ ಮೇಲಿದೆ. ಗಲ್ಲಕ್ಕೆ ಏನೋ ತಣ್ಣಗೆ ತಾಗಿದೆ. ಬರ್ಫಿನ ತುಂಡು, ಟವೆಲ್ಲಿನಲ್ಲಿ ಸುತ್ತಿದ ಮಂಜುಗಡ್ಡೆ. ಅದನ್ನು ಹಿಡಿದ ಕೈ ಗಾಡಿಯ ಹೊರಗಿನಿಂದ ಬಂದಿದೆ. ಗಾಡಿಯ ಪಕ್ಕದಲ್ಲಿ, ಧೂಳಲ್ಲಿ, ಗಾಲಿಯ ವೇಗಕ್ಕೆ ಹೆಜ್ಜೆ ಹಾಕುತ್ತ ಅಪ್ಪ ನಡೆದು ಬರುತ್ತಿದ್ದಾನೆ. ಬರ್ಫು ಕರಗಿ ನೀರು ಅವನ ಅಂಗಿಯ ತೋಳಿಗೆ ಇಳಿಯುತ್ತಿದೆ. ಬೆರಳು ಸೆಟೆದು ನೀಲಿಗಟ್ಟಿವೆ. ಅವನು ಕೈ ತೆಗೆಯುತ್ತಿಲ್ಲ.

"ಅಪ್ಪಾ, ಗಾಡಿ ಏರು," ಎಂದಳು ಕಸ್ತೂರಿಬಾಯಿ.

"ಏನಂದ್ರಿ ಅಮ್ಮಾ?" ಪ್ರಾಚಿ ಬಾಗಿದಳು.

"ಏನಿಲ್ರಿ. ನೀವು ನಡಸ್ರಿ." ಕಣ್ಣಿನ ಕೊನೆಯಿಂದ ನೀರಿಳಿದು ಕಿವಿಗೆ ಹೋಯಿತು. ದುಃಖವೆನಿಸಲಿಲ್ಲ, ನಗು ಬರುವಂತಿತ್ತು.

ಸೂಜಿ ಯಾವಾಗ ಬಂತು, ಯಾವಾಗ ಹೋಯಿತು, ಅವಳು ಲಕ್ಷ್ಯ ಕೊಡಲಿಲ್ಲ. ತುಟಿ, ನಾಲಗೆ ದಪ್ಪವಾದವು. ಡಾಕ್ಟರ್ ಹಲ್ಲು ಅಲ್ಲಾಡಿಸತೊಡಗಿದಾಗ ಒತ್ತುವುದು ಗೊತ್ತಾಗುತ್ತಿತ್ತು, ನೋವಿರಲಿಲ್ಲ. ನಡುವೆ ಕಸ್ತೂರಿಬಾಯಿ ಎಡಗೈ ಎತ್ತಿದಳು. ಬಾಯಿಯೊಳಗಿನ ಸಾಮಾನೆಲ್ಲ ಒಮ್ಮೆಲೇ ಹೊರಗೆ ಬಂತು. ಡಾಕ್ಟರ್ ಎರಡೂ ಕೈ ಹಿಂದೆ ಸರಿಸಿ ಸುಮ್ಮನೆ ನಿಂತಳು, ಯಾಕೆಂದು ಕೇಳಲಿಲ್ಲ. ಕಸ್ತೂರಿಬಾಯಿಗೆ ಏನೂ ಆಗಿರಲಿಲ್ಲ. ನಿಲ್ಲಿಸುತ್ತಾರೋ ಇಲ್ಲವೋ ನೋಡಬೇಕಿತ್ತು, ಅಷ್ಟೇ. ಕೈ ಇಳಿಸಿ, ತಾನೇ ಬಾಯಿ ದೊಡ್ಡದಾಗಿ ತೆರೆದಳು.

ಹಲ್ಲು ಎರಡು ತುಂಡಾಗಿ ಬಂತು.

ಆಕ್ಸಿಜನ್ ಕೊಟ್ಟು, ತಲೆ ಹಗುರಾದ ಮೇಲೆ ಒಳಖೋಲಿಯ ಬೆಂಚಿನ ಮೇಲೆ ಕೂರಿಸಿದರು. ಹಲ್ಲಿದ್ದ ಜಾಗದಲ್ಲಿ ಬಟ್ಟೆಯ ಉಂಡೆ ಕಚ್ಚಿಕೊಂಡಿರಬೇಕು, ಮಾತಾಡುವಂತಿಲ್ಲ. ಭಾಗ್ಯಜ್ಯೋತಿ ಔಷಧ ತರಲು ಹೋದಳು. ಗೆಳತಿಯರಿಬ್ಬರೇ ಉಳಿದರು.

"ಅಪ್ಪಾ ಗಾಡಿ ಏರು ಅಂದಿ ನೋಡು, ನಂಗ ಮೈ ಝುಂ ಅಂತು," ಎಂದಳು ಖಾಸೀಂಬಿ. "ಅವತ್ತೂ ಹಂಗೇ ಅಂದಿದ್ದಿ ಬೇ. ಬಾಯಿ ತುಂಬ ಅರಿವಿ ತುರುಕಿದ್ರು, ತಿಳೀಲೇ ಇಲ್ಲ ಯಾರಿಗೂ. ನಾ ತಿಳಕೊಂಡೆ."

ಕಸ್ತೂರಿಬಾಯಿ ಅವಳ ಕೈ ಗಟ್ಟಿಯಾಗಿ ಹಿಡಿದಳು. ಹಾಗಾದರೆ ಅದು ಗಾಳಿಯ ಮಂಪರಲ್ಲ. ನಡೆದದ್ದೇ. ಕಣ್ಣಲ್ಲೇ ಕೇಳಿದಳು: ಮುಂದ?

"ಬೀರಣ್ಣ ಎಷ್ಟೋ ಸಲ ಅಂದ, ಗೌಡ್ರ ಏರ್ರಿ, ಬಿಸಲದ ಅಂತ. ನಿಮ್ಮಪ್ಪ ಏರಲೇ ಇಲ್ಲ. ನನ್ನ ಮಾರಿ ನೋಡಿದ್ರ ಕೂಸು ಅಂಜತದ ಬೀರಣ್ಣ, ನಾ ನಡೀತೇನಿ ಅಂದ. ಊರ ತನಕ ನಡದ. ಬರ್ಫು ಎಲ್ಲಾ ಕರಗಿ ಬರೇ ಟವೆಲ್ಲು ಉಳದಿತ್ತು, ಅದನ್ನೇ ಹಿಡಕೊಂಡು ಬಂದ." ಖಾಸೀಂಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಂಗ ನೆಪ್ಪದ ಅಂತ ತಿಳಿದಿದ್ದೆ. ಇಷ್ಟು ವರ್ಷ ಒಮ್ಮೆರ ಕೇಳಿದ್ರ ಹೇಳ್ತಿದ್ದಿಲ್ಲೇನು?"

ಕಸ್ತೂರಿಬಾಯಿ ತಲೆ ಅಲ್ಲಾಡಿಸಿದಳು. ಕೇಳಬೇಕೆಂದು ಎಂದಾದರೂ ಅನಿಸಿದ್ದರೆ ತಾನೇ. ಭುಜ ಅಮುಕಿದ ಕೈಯನ್ನು ಇಷ್ಟು ವರ್ಷ ಬಿಗಿಯಾಗಿ ಹಿಡಿದುಕೊಂಡು, ಬರ್ಫು ಹಿಡಿದ ಕೈಯನ್ನು ಎಲ್ಲೋ ಬಿಟ್ಟುಬಂದಿದ್ದಳು. ಆ ಕೈಯವನು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಬಟ್ಟೆಯುಂಡೆ ಕಚ್ಚಿಕೊಂಡೇ ಗೆಳತಿಯ ಹೆಗಲಿಗೆ ತಲೆಯಿಟ್ಟು ಅತ್ತಳು. ಔಷಧ ತಂದ ಸೊಸೆ ಗಾಬರಿಯಾಗಿ "ನೋಯ್ತದೇನ್ರಿ?" ಎಂದು ಕೇಳಿದರೆ, ಇಲ್ಲವೆಂದು ಕೈ ಆಡಿಸಿದಳು.

ಖಾಸೀಂಬಿ ಎರಡು ದಿನಕ್ಕೆಂದು ಬಂದವಳು. ತನ್ನ ಬಾಯಿ ಆಡುವಂತಾದ ಮೇಲೆ ಕಸ್ತೂರಿಬಾಯಿ ಅವಳನ್ನು ಹೋಗಗೊಡಲಿಲ್ಲ. ಜೋಳದ ಅಂಬಲಿ ತಣ್ಣಗೆ ಮಾಡಿಕೊಂಡು, ಪಡಸಾಲೆಯಲ್ಲಿ ಚಾಪೆ ಹಾಸಿ ಇಬ್ಬರೂ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಪ್ಪ ಹೇಗೆ ಕೆಮ್ಮುತ್ತಿದ್ದ, ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನ ಹೊಲದಲ್ಲಿ ಯಾರ್‍ಯಾರನ್ನು ಕರೆಯುತ್ತಿದ್ದ, ಖಾಸೀಂಬಿಯ ಅಪ್ಪ ಪಾತ್ರೆಗೆ ಕಲಾಯಿ ಹಾಕುವಾಗ ಗೌಡನಾದರೂ ತಾನೇ ಹೋಗಿ ತಿದಿ ಒತ್ತಲು ಹೇಗೆ ಕೂರುತ್ತಿದ್ದ. ಖಾಸೀಂಬಿ ಹೇಳುತ್ತಿದ್ದಳು, ಕಸ್ತೂರಿಬಾಯಿ ಅದನ್ನೇ ಮತ್ತೆ ಹೇಳಿಸುತ್ತಿದ್ದಳು. ಒಂದು ದಿನ ಅನೀಲಕುಮಾರ ಇಬ್ಬರನ್ನೂ ಕಾರಿನಲ್ಲಿ ಕಿಣ್ಣಿ ಸುಲ್ತಾನಕ್ಕೆ ಕರೆದೊಯ್ದ. ಊರು ಇನ್ನೂ ಅಷ್ಟು ದೂರವಿರುವಾಗಲೇ ಕಸ್ತೂರಿಬಾಯಿ ಗಾಡಿ ನಿಲ್ಲಿಸೆಂದಳು. ಅಲ್ಲಿಂದ ಅಪ್ಪನ ಹೊಲದ ತನಕ ನಡೆದೇ ಹೋದಳು. ಖಾಸೀಂಬಿ ಮೊಣಕಾಲು ಹಿಡಿದುಕೊಂಡು, ಬೈಯುತ್ತ, ಹಿಂದೆ ಬಂದಳು.

ಬಲಗಡೆಯ ಒಂದು ಹಲ್ಲೂ ಹುಳುಕಾಗಿತ್ತು, ಅದನ್ನು ತುಂಬಿಸಬೇಕಿತ್ತು. ಅದಕ್ಕೆ ಹೋದಾಗ ಪ್ರಾಚಿ ಮೂಗಿನ ಮುಚ್ಚಳ ತೆಗೆದುಕೊಳ್ಳಲು ಹೋದರೆ ಕಸ್ತೂರಿಬಾಯಿ ತಡೆದಳು.

"ಇವತ್ತ ಗಾಳಿ ಬ್ಯಾಡ್ರಿ. ಸೂಜಿ ಅಷ್ಟೇ ಸಾಕು. ಹೇಳಿ ಮಾಡ್ರಿ, ಬಸ್. ಆ ಗಾಳಿ ಇಕಿಗೆ ಇಡ್ರಿ." ಹಿಂದೆ ನಿಂತಿದ್ದ ಖಾಸೀಂಬಿಯನ್ನು ಮುಂದೆ ಎಳೆದಳು. "ಇಕಿಗೂ ಒಂದು ಹಲ್ಲು ನೋಯ್ತದ. ನಂಗೇನೂ ಇಲ್ಲ ಅಂತ ಸುಳ್ಳು ಹೇಳ್ತಾಳ."

"ಹೋಗ ಬೇ!" ಎಂದು ಖಾಸೀಂಬಿ ಬಾಯಿ ಮುಚ್ಚಿಕೊಂಡಳು. ಪ್ರಾಚಿ ಪ್ಲಾಸ್ಟಿಕ್ ಕುರ್ಚಿ ಎಳೆದು ಅವಳ ಎದುರು ಕೂತಳು.

ಆವತ್ತು ಸಂಜೆ ಜೇವರ್ಗಿಯಿಂದ ಹಫೀಜನ ಫೋನು. "ಅಮ್ಮಿ ಯಾವಾಗ ಬರ್ತಾರ್ರಿ ಖಾಲಾ?"

"ಐತಾರ ಕಳಸ್ತೇನಿ ತಮ್ಮಾ."

"ಹೋದ ಐತಾರಾನೂ ಹಂಗೇ ಅಂದ್ರಿ."

"ಅಂದೆನೇನು?" ಎಂದಳು ಕಸ್ತೂರಿಬಾಯಿ, ಖಾಸೀಂಬಿಯ ಕಡೆ ನೋಡಿ ನಗುತ್ತ. "ಇನ್ನೂ ಭಾಳ ಮಾತು ಉಳದಾವಪ್ಪ."