ಎಂಜಿನ್ನಿಗೊಂದು ರಜಾಯಿ

ಮನೆ ಮುಂದಿನ ರಸ್ತೆ ಮಣ್ಣಿನದು. ಒಂದು ಲಾರಿ ಹೋದರೆ ಸಾಕು, ಧೂಳು ಕಾರಿನ ಬಾನೆಟ್ ಒಳಗೂ ಹೋಗಿ ಕೂರುತ್ತದೆ. ಬೇರೆಯವರಾದರೆ ಒರೆಸಿ ಸುಮ್ಮನಾಗುತ್ತಿದ್ದರು. ನಮ್ಮ ಟೇಲರಣ್ಣ ಸುಮ್ಮನಾಗುವ ಪೈಕಿಯೇ? ಟೇಪು ಹಿಡಿದು ಎಂಜಿನ್ನಿನ ಅಳತೆ ತೆಗೆದ. ಎರಡು ಪದರ ಬಟ್ಟೆ, ನಡುವೆ ಹತ್ತಿ, ನಾಲ್ಕು ಗುಂಡಿ! ರಜಾಯಿ ಹೊಲಿದು ಎಂಜಿನ್ನಿಗೆ ಹೊದಿಸಿಯೇ ಬಿಟ್ಟ. ಮುಂದಿನ ಜಾಲರಿಗೂ ಅದೇ ಬಟ್ಟೆಯ ಪರದೆ. ಒಗೆಯಲು ಹಾಕಿದಾಗ ಬೇಕಲ್ಲ ಎಂದು ಇನ್ನೊಂದು ಜೊತೆಯನ್ನೂ ಹೊಲಿದಿಟ್ಟ.

ಆ ಟರ್ಬೋ ಕಾರನ್ನು ಅವನು ಕೊಂಡದ್ದೇ ಮಗಳಿಗಾಗಿ. ಬಸುರಿ ಅವಳು, ಒಂಬತ್ತು ತಿಂಗಳು ತುಂಬುತ್ತಿತ್ತು. ಆಸ್ಪತ್ರೆ ಗುಡ್ಡದ ಆಚೆ. ನೋವು ಬಂದಾಗ ಕಾರು ನಡುದಾರಿಯಲ್ಲಿ ಕೈಕೊಡಬಾರದು ಎಂಬುದೊಂದೇ ಅವನ ಚಿಂತೆ.

ಶನಿವಾರ ಮಗಳನ್ನು ತಪಾಸಣೆಗೆ ಕರೆದೊಯ್ದು ಮನೆ ಮುಟ್ಟುವಷ್ಟರಲ್ಲಿ ಕಾರೊಳಗೆ ಸುಟ್ಟ ವಾಸನೆ.

"ಅಪ್ಪಾ, ಏನೋ ಸೀದ ವಾಸನೆ!"

"ನನ್ನ ಅಂಗಿದು ಬಿಡು. ಬೆಳಗ್ಗೆಯಿಂದ ಇಸ್ತ್ರಿ ಮಾಡಿದ್ದೀನಲ್ಲ."

ಬಾಗಿಲಲ್ಲೇ ನಾದಿನಿ ನಿಂತಿದ್ದಳು. ಪಕ್ಕದ ಬೀದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅವಳು. ಮೂಗರಳಿಸಿದವಳೇ ಕೈಗವಸು ತೊಟ್ಟು ಬಾನೆಟ್ ಎತ್ತಿದಳು.

"ಭಾವ, ಇದೇನಿದು?"

"ಧೂಳು ಹಿಡೀಬಾರದು ಅಂತ ಹೊಲಿದೆ. ಫಿಟಿಂಗ್ ನೋಡು!"

"ಫಿಟಿಂಗ್ ಏನೋ ಚೆನ್ನಾಗಿದೆ, ಬುದ್ಧಿ ಎಲ್ಲಿಟ್ಟಿದ್ರಿ? ಎಂಜಿನ್ನಿಂದ ಹೊರಗೆ ಬರೋ ಬಿಸಿ ಹೊಗೆಯಿಂದಾನೇ ಟರ್ಬೋ ಚಕ್ರ ತಿರುಗಿ ಎಂಜಿನ್ನಿಗೆ ಗಾಳಿ ಒತ್ತೋದು. ಏರು ಹತ್ತಿದಾಗ ಕೆಂಡ ಆಗುತ್ತೆ. ಗಾಳಿ ಬೇಕು ಅದಕ್ಕೆ. ನೀವು ಮೂಗು ಮುಚ್ಚಿ ರಜಾಯಿ ಹೊದಿಸಿದ್ದೀರಿ!"

"ಮೂರು ದಿನದಿಂದ ಓಡಿಸ್ತಿದ್ದೀನಿ, ಏನಾಯ್ತು? ಹೆದರಿಸೋದೇ ನಿಮ್ಮ ಮೆಕ್ಯಾನಿಕ್‌ಗಳ ಕಸುಬು."

ನಾದಿನಿ ಎಂಜಿನ್ನಿನ ರಜಾಯಿಯನ್ನು ಕಳಚಿ ಅಂಗಳಕ್ಕೆಸೆದಳು. ಒಳಗಿದ್ದ ಎರಡನೆಯ ರಜಾಯಿ ತಂದು ಭಾವನಿಗೇ ಹೊದಿಸಿದಳು. ನಾಲ್ಕೂ ಗುಂಡಿ ಹಾಕಿ, ಜಾಲರಿಯ ಪರದೆಯನ್ನು ಮೂಗಿಗೆ ಕಟ್ಟಿದಳು. "ಹೋಗಿ, ಮಹಡಿ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳೀರಿ."

ನಡು ಮಧ್ಯಾಹ್ನ. ಮೊದಲ ಸಲ ಜಂಬದಿಂದ ಹತ್ತಿದ. ಎರಡನೆಯ ಸಲ ಕಂಬಿ ಹಿಡಿದ. ಮೂರನೆಯ ಸಲ ಅರ್ಧದಲ್ಲೇ ಕುಸಿದು ಕೂತ.

"ಅಯ್ಯೋ, ಬಿಚ್ಚೇ ತಾಯಿ! ಉಸಿರು ಕಟ್ತಿದೆ!"

ನೀರು ತಂದ ಹೆಂಡತಿ, "ಫಿಟಿಂಗ್ ಚೆನ್ನಾಗಿದೆಯಲ್ರೀ!" ಎಂದು ನಗುತ್ತಾ ಗುಂಡಿ ಬಿಚ್ಚಿದಳು.

ಅಷ್ಟರಲ್ಲಿ ನಾದಿನಿ ಅಂಗಳದಲ್ಲಿ ಬಿದ್ದಿದ್ದ ಎಂಜಿನ್ ರಜಾಯಿಯನ್ನು ಮಗುಚಿದಳು. ಅಂಗೈಯಗಲ ಬಟ್ಟೆ ಕರಕಲಾಗಿತ್ತು. ಒಳಗಿನ ಹತ್ತಿ ಇನ್ನೂ ಹೊಗೆಯಾಡುತ್ತಿತ್ತು. ನೀರು ಹಾಕಿದರೆ ಚುಂಯ್ ಎಂದಿತು. ಟೇಲರಣ್ಣ ಮಗಳ ಮುಖ ನೋಡಿದ.

"ಇನ್ನೊಂದು ಸಲ ಗುಡ್ಡ ಹತ್ತಿದ್ದಿದ್ರೆ?"

"ಬೆಂಕಿ ಹತ್ಕೊಳ್ತಿತ್ತು ಭಾವ. ಇವಳು ಒಳಗಿರ್ತಿದ್ಳು."

ಅವನಿಗೆ ಭಯವೂ ನಾಚಿಕೆಯೂ ಒಟ್ಟಿಗೇ ಆದವು. ಆದರೂ ಮೆಲ್ಲಗೆ ಕೇಳಿದ: "ಹಾಗಾದ್ರೆ ಬಾನೆಟ್ಟಿಗೆ ನಾಲ್ಕು ತೂತು ಕೊರೆಸಲಾ? ಗಾಳಿಯಾಡಲಿ."

"ಮತ್ತೆ ಶುರುವಾಯ್ತಾ! ಗಾಳಿ ಬರೋ ದಾರಿ, ಹೋಗೋ ದಾರಿ ಎಲ್ಲ ನೋಡ್ಕೊಂಡೇ ಕಾರು ಮಾಡಿರ್ತಾರೆ. ತೂತು ಕೊರೆದ್ರೆ ಮಳೆನೀರು ಒಳಗೆ ಸುರಿಯುತ್ತೆ. ಜಾಲರಿ ಚೊಕ್ಕಟವಾಗಿಡಿ, ಎಂಜಿನ್ ತಣಿಸೋ ಕೂಲೆಂಟ್ ಕಡಿಮೆಯಾಗದ ಹಾಗೆ ನೋಡ್ಕೊಳ್ಳಿ. ಏರು ಹತ್ತಿ ನಿಲ್ಲಿಸಿದ ತಕ್ಷಣ ಆಫ್ ಮಾಡಬೇಡಿ, ಒಂದೆರಡು ನಿಮಿಷ ಎಂಜಿನ್ ಹಾಗೇ ಓಡಿ ಟರ್ಬೋ ತಣಿಯಲಿ."

ಬುಧವಾರ ನೋವು ಬಂತು. ಕಾರು ಗುಡ್ಡವನ್ನು ಸಲೀಸಾಗಿ ಹತ್ತಿತು, ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಮಗಳನ್ನು ಒಳಗೆ ಕರೆದೊಯ್ದ ನರ್ಸಮ್ಮ ಕೇಳಿದರು: "ಇವಳ ಅಪ್ಪ ಎಲ್ಲಿ?"

"ಕಾರನ್ನ ಸುಧಾರಿಸ್ಕೊಳ್ಳೋಕೆ ಬಿಟ್ಟಿದ್ದಾರೆ," ಎಂದಳು ಹೆಂಡತಿ. "ಗಡಿಯಾರ ನೋಡ್ಕೊಂಡು ಕೂತಿದ್ದಾರೆ, ಈಗ ಬರ್ತಾರೆ."

ಸಂಜೆಗೆ ಮೊಮ್ಮಗಳು ಹುಟ್ಟಿದಳು. ಎರಡನೆಯ ರಜಾಯಿ ಒಗೆಸಿಕೊಂಡು, ಗುಂಡಿ ಕಳಚಿಕೊಂಡು, ಅವಳ ತೊಟ್ಟಿಲು ಸೇರಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎಂಜಿನ್ ತಣಿದ ಮೇಲೆ ನಿಮ್ಮ ಕಾರಿನ ಬಾನೆಟ್ಟನ್ನೂ ಒಮ್ಮೆ ಎತ್ತಿ ನೋಡಿ. ನೀವಾಗಿ ಹಾಕಿದ ಬಟ್ಟೆಯೋ ರಟ್ಟೋ ಇದ್ದರೆ ಇವತ್ತೇ ತೆಗೆಯಿರಿ. ಏನಾದರೂ ಸೇರಿಸಲು, ಕೊರೆಯಲು ಕೈ ತುರಿಸಿದರೆ ಮೊದಲು ತಿಳಿದ ಮೆಕ್ಯಾನಿಕ್ಕರನ್ನು ಕೇಳಿ. ರಜಾಯಿ ಮಗುವಿಗೆ ಹೊದಿಸಿ, ಎಂಜಿನ್ನಿಗೆ ಗಾಳಿ ಬಿಡಿ.