ಪಿಂಗಾಣಿ ಬೋಗುಣಿಯಲ್ಲಿ ಶ್ಯಾವಿಗೆ ಪಾಯಸ

ಚಂದ್ರಮೋಹನನ ಬಳಿ ಎಲ್ಲಕ್ಕೂ ಒಂದು ವೈಜ್ಞಾನಿಕ ಕಾರಣವಿತ್ತು. ಬಾಗಿಲಿಗೆ ತೋರಣ ಕಟ್ಟುವುದಕ್ಕೆ ಆಮ್ಲಜನಕ, ಹಣೆಗೆ ಕುಂಕುಮ ಇಡುವುದಕ್ಕೆ ನರಮಂಡಲ, ಉತ್ತರಕ್ಕೆ ತಲೆ ಹಾಕಿ ಮಲಗದಿರುವುದಕ್ಕೆ ಭೂಮಿಯ ಅಯಸ್ಕಾಂತ. ಥಾರ್ನ್‌ಹಿಲ್ಲಿನ ಮನೆಯಿಂದ ಮಿಲ್ಟನ್ನಿನ ಕಂಪನಿಗೆ ಕಾರಿನಲ್ಲಿ ಹೋಗಿ ಬರುವಷ್ಟು ಹೊತ್ತೂ ಅವನ ತಲೆಯಲ್ಲಿ ಇದೇ ಉತ್ಪಾದನೆ. ಕಂಪನಿಯ ಕ್ಯಾಂಟೀನಿನಲ್ಲಿ ಮೀನು ತಿನ್ನುವುದಕ್ಕೂ ಅವನಿಗೆ ಕಾರಣ ಸಿಕ್ಕಿತ್ತು. ಅದರ ಹೆಸರು ಒಮೆಗಾ ತ್ರೀ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಗಾದೆ ತನ್ನ ಗಂಡನಿಗೇ ಅಳತೆ ತೆಗೆದು ಹೊಲಿಸಿದಂತಿದೆ, ಇನ್ನಾರಿಗೂ ಅಷ್ಟು ಹೊಂದಲಿಕ್ಕಿಲ್ಲ ಎಂದು ಭಾನುಮತಿಗೆ ಅನ್ನಿಸುತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಅವಳಿಗೆ ಗೊತ್ತಿದ್ದದ್ದು ಮೈಸೂರಿನ ತವರಿನಲ್ಲಿ ಕಲಿತ ಮುಸುರೆ. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಹಾಲು ಮೊಸರು ಮುಟ್ಟುವಂತಿಲ್ಲ. ಯಾಕೆ ಎಂದು ಅಮ್ಮ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹಿಮ ಬೀಳುವ ಈ ಊರಿಗೆ ಬಂದರೂ ಕೈ ತನ್ನಷ್ಟಕ್ಕೆ ನಲ್ಲಿಯ ಕಡೆಗೆ ಹೋಗುತ್ತಿತ್ತು.

ಪಕ್ಕದ ಮನೆಯ ಮುದುಕಿ ಅವಳಿಗೆ ಗೆಳತಿಯಾದದ್ದು ಆ ಕೈಯಿಂದಲೇ. ಆಕೆಯ ಹೆಸರು ಮಿರಿಯಂ. ಯಹೂದಿ, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಭಾನುಮತಿ ಮಿರಿಯಮ್ಮ ಎಂದೇ ಕರೆಯುತ್ತಿದ್ದಳು, ಅವರಿಗೂ ಅದು ಒಗ್ಗಿತ್ತು. ಒಂದು ದಿನ ಮಿರಿಯಮ್ಮ ಇವಳ ಅಡುಗೆಮನೆಯಲ್ಲಿ ಕೂತಿದ್ದಾಗ ಇವಳು ಅನ್ನದ ಪಾತ್ರೆ ಇಳಿಸಿ, ಕೈ ತೊಳೆದು, ಆಮೇಲೆ ಹಾಲಿನ ಜಗ್ಗು ಎತ್ತಿದಳು.

"ಅದ್ಯಾಕೆ?" ಎಂದರು ಮಿರಿಯಮ್ಮ.

"ನಮ್ಮಮ್ಮ ಹಾಗೆ ಮಾಡ್ತಿದ್ದರು."

"ಒಳ್ಳೇ ಉತ್ತರ," ಎಂದು ಮಿರಿಯಮ್ಮ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಅಡುಗೆಮನೆ ತೋರಿಸಿದರು. ಎರಡು ಸಿಂಕು, ಎರಡು ಜೊತೆ ಪಾತ್ರೆ. ಹಿಡಿಗೆ ಕೆಂಪು ಟೇಪು ಸುತ್ತಿದ್ದು ಮಾಂಸಕ್ಕೆ, ನೀಲಿ ಸುತ್ತಿದ್ದು ಹಾಲು ಬೆಣ್ಣೆಗೆ. ಒಂದರ ಸೌಟು ಇನ್ನೊಂದಕ್ಕೆ ತಾಗುವಂತಿಲ್ಲ. ಭಾನುಮತಿಗೆ ತನ್ನ ಅಜ್ಜಿಯ ಮನೆಗೆ ಬಂದಷ್ಟು ಹಾಯೆನಿಸಿತು. ಅಜ್ಜಿಯ ಮನೆಯಲ್ಲಿ ಕೋಳಿ ಬೇಯುತ್ತಿರಲಿಲ್ಲ, ಅದೊಂದೇ ವ್ಯತ್ಯಾಸ.

ಮಿರಿಯಮ್ಮ ಇವಳ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ. ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ, ಅಷ್ಟೇ. ಭಾನುಮತಿಗೆ ಅದು ಕೇಳದೆಯೇ ಅರ್ಥವಾಯಿತು. ಅವಳ ಸೋದರತ್ತೆಯೂ ಪರರ ಮನೆಯಲ್ಲಿ ಹಣ್ಣು ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಅರ್ಥವಾಗದಿದ್ದದ್ದು ಚಂದ್ರಮೋಹನನಿಗೆ.

"ನಮ್ಮನೆ ಲೋಟಕ್ಕೇನಾಗಿದೆಯಂತೆ? ನಾವು ಪ್ಯೂರ್ ವೆಜಿಟೇರಿಯನ್ಸು. ಕೋಳಿ ತಿನ್ನೋರಿಗೆ ನಾವು ಮೈಲಿಗೆಯಾ?"

ಮೈಸೂರಿನ ಅವನ ಮನೆಯ ಹಿತ್ತಿಲ ಗೋಡೆಯ ಮೇಲೆ ಒಂದು ಲೋಟ ಕವುಚಿಟ್ಟಿರುತ್ತಿದ್ದರು. ಕೆಲಸದವರಿಗೆ ಕಾಫಿ ಅದರಲ್ಲಿ, ಅದೂ ಮೇಲಿನಿಂದ ಹೊಯ್ಯುವುದು. ಆ ಲೋಟದ ವೈಜ್ಞಾನಿಕ ಕಾರಣವನ್ನು ಚಂದ್ರಮೋಹನ ಇನ್ನೂ ಕಂಡುಹಿಡಿದಿರಲಿಲ್ಲ. ಭಾನುಮತಿಗೆ ಅದು ನೆನಪಾಯಿತು, ನಾಚಿಕೆಯೂ ಆಯಿತು. ಆ ಲೋಟಕ್ಕೆ ಅವಳೂ ಕಾಫಿ ಹೊಯ್ದಿದ್ದಳು.

ಆ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಚಂದ್ರಮೋಹನನ ಭಾಷಣ ಗೊತ್ತಾಯಿತು. ವಿಷಯ, ಪ್ರಾಚೀನರ ಆಹಾರ ನಿಯಮಗಳಲ್ಲಿ ವಿಜ್ಞಾನ. ಪಕ್ಕದಲ್ಲೇ ಪ್ರಾಚೀನರೊಬ್ಬರು ಇದ್ದರಲ್ಲ, ಬೇಲಿಯ ಬಳಿ ಹಿಡಿದು ನಿಲ್ಲಿಸಿಕೊಂಡ.

"ಮೇಡಂ, ಮೀಟು ಮಿಲ್ಕು ಮಿಕ್ಸ್ ಮಾಡಬಾರದು ಅಂತೀರಲ್ಲ, ರೀಸನ್ ಏನು?"

"ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಅಂತ ನಮ್ಮ ಧರ್ಮಗ್ರಂಥ ಮೂರು ಸಲ ಹೇಳುತ್ತೆ. ಯಾಕೆ ಅಂತ ಒಂದು ಸಲವೂ ಹೇಳಲ್ಲ."

"ಪಂಡಿತರು ಏನಾದರೂ ಹೇಳಿರಬೇಕಲ್ಲ."

"ಪಂಡಿತರು ಸುಮ್ಮನಿರ್ತಾರಾ? ಕುಡಿಸಬೇಕಾದ ಹಾಲಿನಲ್ಲೇ ಮರಿಯನ್ನು ಕುದಿಸೋದು ಕ್ರೌರ್ಯ ಅಂದರು ಕೆಲವರು. ಹೊಟ್ಟೆಗೆ ಭಾರ ಅಂದರು ಇನ್ನು ಕೆಲವರು. ವಿಗ್ರಹ ಪೂಜಿಸುವ ಜನ ಹಬ್ಬದಲ್ಲಿ ಹಾಗೆ ಅಡುಗೆ ಮಾಡ್ತಿದ್ದರು, ಅವರ ದಾರಿ ನಮಗೆ ಬೇಡ ಅಂದವರೂ ಇದ್ದಾರೆ."

ಷೋಕೇಸಿನ ತುಂಬ ಗಣಪತಿಗಳನ್ನು ಸಾಲಾಗಿ ಕೂರಿಸಿದ್ದ ಚಂದ್ರಮೋಹನ ಈ ಕೊನೆಯ ಕಾರಣವನ್ನು ಕೇಳಿಸಿಕೊಳ್ಳಲಿಲ್ಲ.

"ಅದೆಲ್ಲ ಬಿಡಿ ಮೇಡಂ. ಆ ಬಿಸಿಲಲ್ಲಿ ಹಾಲು ಒಡೆಯುತ್ತೆ, ಮಾಂಸ ಕೊಳೆಯುತ್ತೆ. ಹೈಜೀನು. ಈಗ ಫ್ರಿಜ್ ಇದೆ, ಪ್ರಾಬ್ಲಂ ಸಾಲ್ವ್ ಆಯ್ತು."

"ನನ್ನ ಮನೇಲೂ ಫ್ರಿಜ್ ಇದೆ," ಎಂದರು ಮಿರಿಯಮ್ಮ. "ನನಗೆ ಪ್ರಾಬ್ಲಂ ಇದೆ ಅಂತ ಯಾವಾಗ ಹೇಳಿದೆ? ಕಾರಣ ಗೊತ್ತಾಗಿಬಿಟ್ಟರೆ ಬಿಡೋದಕ್ಕೂ ಒಂದು ಕಾರಣ ಸಿಗುತ್ತೆ ಅಂತ ನಮ್ಮಪ್ಪ ಹೇಳ್ತಿದ್ದರು."

ಅಕ್ಟೋಬರಿನ ಕೊನೆಯ ಭಾನುವಾರ ಮಿರಿಯಮ್ಮನ ಹುಟ್ಟುಹಬ್ಬ. ಇಬ್ಬರನ್ನೂ ಊಟಕ್ಕೆ ಕರೆದರು. ತಮಗೆ ಕೋಳಿ ಸೂಪು, ಇವರಿಗೆಂದು ಹಾಲೂ ಮಾಂಸವೂ ಸೋಕದ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ಟು. ಭಾನುಮತಿ ಅವರ ಹೆಸರಿನಲ್ಲಿ ಶ್ಯಾವಿಗೆ ಪಾಯಸ ಮಾಡಿ ತನ್ನ ಮನೆಯ ದೇವರಿಗೆ ನೈವೇದ್ಯವಿಟ್ಟಳು. "ಇದನ್ನ ಅಲ್ಲಿಗೆ ತರೋದು ಬೇಡ ಕಣ್ರೀ," ಎಂದು ಗಂಡನಿಗೆ ಸ್ಪಷ್ಟವಾಗಿ ಹೇಳಿದಳು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಪಾಯಸದ ಸ್ಟೀಲು ಡಬ್ಬಿ ಅವನ ಕೋಟಿನೊಳಗೆ ಸೇರಿಕೊಂಡು ಅವಳ ಹಿಂದೆಯೇ ಬಂತು.

ಹೆಂಗಸರು ಮಹಡಿಯ ಮೇಲೆ ಹಳೆಯ ಫೋಟೋಗಳನ್ನು ನೋಡುತ್ತಿದ್ದಾಗ ಚಂದ್ರಮೋಹನ ಅಡುಗೆಮನೆಗೆ ನುಗ್ಗಿದ. ಪಾಯಸ ಬಿಸಿಯಾಗಿದ್ದರೆ ಚೆನ್ನ. ಕೆಂಪು ಟೇಪಿನ ದೊಡ್ಡ ಪಾತ್ರೆ ತೊಳೆದು ಕವುಚಿಟ್ಟಿದ್ದರು, ಅದರಲ್ಲೇ ಕುದಿಸಿದ. ಬಡಿಸಲು ಮೇಜಿನ ಮೇಲೆ ಸೂಪಿಗೆಂದು ತೆಗೆದಿಟ್ಟ ನೀಲಿ ಹೂವಿನ ಪಿಂಗಾಣಿ ಬೋಗುಣಿ ಸಿಕ್ಕಿತು, ಅದಕ್ಕೆ ಸುರಿದ. ಮಿರಿಯಮ್ಮನ ತಾಯಿ ಪೋಲೆಂಡಿನಿಂದ ಹಡಗು ಹತ್ತುವಾಗ ಕಂಬಳಿಯಲ್ಲಿ ಸುತ್ತಿ ತಂದ ಬೋಗುಣಿ ಅದು. ಪೋಲೆಂಡಿನ ಆ ಮನೆಯಿಂದ ಉಳಿದುಬಂದ ವಸ್ತು ಅದೊಂದೇ ಎಂದು ಭಾನುಮತಿಗೆ ಗೊತ್ತಿತ್ತು. ಅವಳು ಮೆಟ್ಟಿಲಿಳಿಯುವ ಹೊತ್ತಿಗೆ ಬೋಗುಣಿಯಿಂದ ಏಲಕ್ಕಿಯ ಹಬೆ ಏಳುತ್ತಿತ್ತು.

"ಹ್ಯಾಪಿ ಬರ್ತ್‌ಡೇ ಮೇಡಂ. ಪ್ಯೂರ್ ವೆಜಿಟೇರಿಯನ್. ಮೊಟ್ಟೆ ಕೂಡ ಇಲ್ಲ."

"ಹಾಲಿದೆಯೇ?" ಎಂದರು ಮಿರಿಯಮ್ಮ, ತುಂಬ ಮೆಲ್ಲಗೆ.

"ಬರೀ ಹಾಲೇ. ಒಂದು ಪೂರ್ತಿ ಬ್ಯಾಗು ಹಾಲು ಕಾಯಿಸಿ ಅರ್ಧ ಮಾಡಿರೋದು. ಜೊತೆಗೆ ಮನೆಯ ತುಪ್ಪ."

ಮಿರಿಯಮ್ಮ ಕುರ್ಚಿ ಎಳೆದುಕೊಂಡು ಕೂತರು. ಚಂದ್ರಮೋಹನ ಅವರಿಗೆ ಧೈರ್ಯ ಹೇಳಿದ. "ಡಿಶ್‌ವಾಷರಲ್ಲಿ ಹೈ ಟೆಂಪರೇಚರ್ ಇಟ್ಟುಬಿಡಿ. ಒಂದು ಬ್ಯಾಕ್ಟೀರಿಯಾ ಉಳಿಯಲ್ಲ."

"ಉಕ್ಕಿನ ಪಾತ್ರೆಯನ್ನ ಕುದಿಯೋ ನೀರಲ್ಲಿ ಮುಳುಗಿಸಿದರೆ ಸರಿಹೋಗುತ್ತೆ. ಪಿಂಗಾಣಿ ಸರಿಹೋಗಲ್ಲ."

ಭಾನುಮತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ತವರಿನಲ್ಲೂ ಹಿತ್ತಾಳೆಗೆ ಹುಣಸೆಹಣ್ಣು ಇತ್ತು, ಮೈಲಿಗೆಯಾದ ಮಣ್ಣಿನ ಮಡಕೆಗೆ ತಿಪ್ಪೆಯೇ ಗತಿ. ಅವಳಿಗೆ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ.

ಮನೆಗೆ ಬಂದ ಮೇಲೆ ಮದುವೆಯಾದಂದಿನಿಂದ ಆಡದ ಮಾತನ್ನು ಆಡಿದಳು. "ಈ ದೇಶದಲ್ಲಿ ನನ್ನನ್ನ ಅಡುಗೆಮನೆ ಒಳಗೆ ಕರೆದಿದ್ದು ಅದೊಂದೇ ಮನೆ. ಅದನ್ನೂ ಕಳೆದಿರಿ. ನಿಮ್ಮ ವಿಜ್ಞಾನಕ್ಕೆ ಬೆಂಕಿ ಬೀಳ."

"ನಾನು ಪ್ರೀತಿಯಿಂದ ತಾನೆ ತಂದಿದ್ದು," ಎಂದ ಚಂದ್ರಮೋಹನ. ಅದು ಸುಳ್ಳೇನೂ ಅಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಪಕ್ಕದ ಅಡುಗೆಮನೆಯ ಪರದೆ ಎಳೆದೇ ಇತ್ತು. ಭಾನುಮತಿ ಪಾತ್ರೆ ತೊಳೆಯುವಾಗಲೆಲ್ಲ ಅತ್ತ ನೋಡುವಳು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮಿರಿಯಮ್ಮ ಪೇಪರಿನಲ್ಲಿ ಸುತ್ತಿದ ಬೋಗುಣಿ ಹಿಡಿದು ನಿಂತಿದ್ದರು.

"ನಾನಿದನ್ನ ಬಳಸೋ ಹಾಗಿಲ್ಲ. ಎಸೆಯೋಕೆ ಕೈ ಬರಲಿಲ್ಲ. ನೀನು ಇಟ್ಕೋ." ಒಳಗೆ ಬನ್ನಿ ಅನ್ನುವಷ್ಟರಲ್ಲಿ ಮೆಟ್ಟಿಲಿಳಿದು ಹೋದರು.

ಚಂದ್ರಮೋಹನನಿಗೆ ಇದು ವಿಜಯೋತ್ಸವ. ನವೆಂಬರಿನ ಕೊನೆಗೆ ಸಂಘದವರು ಪೋರ್ಟ್ ಕ್ರೆಡಿಟ್ಟಿನ ಸಭಾಂಗಣದಲ್ಲಿ ಇಟ್ಟುಕೊಂಡ ರಾಜ್ಯೋತ್ಸವದಲ್ಲಿ ನಿಂತು, ತನ್ನ ವಿವರಣೆಗೆ ಮನಸೋತ ಯಹೂದಿ ಮಹಿಳೆಯೊಬ್ಬರು ತಾಯಿಯ ಬೋಗುಣಿಯನ್ನೇ ಉಡುಗೊರೆ ಕೊಟ್ಟರೆಂದು ಸಾರಿದ. ಕನ್ನಡಿಗರು ಚಪ್ಪಾಳೆ ತಟ್ಟಿದರು. ಊಟಕ್ಕೆ ಮುಂಚಿನ ಕೊನೆಯ ಭಾಷಣಕ್ಕೆ ಯಾವಾಗಲೂ ಚಪ್ಪಾಳೆ ಜೋರು. ಮನೆಗೆ ಬಂದವನೇ ಆ ಬೋಗುಣಿಯಲ್ಲಿ ಮೊಸರನ್ನ ಕೊಡು ಎಂದ.

"ಅದನ್ನ ಮುಟ್ಟಬೇಡಿ."

ಆ ದನಿಗೆ ಅವನು ತಟ್ಟೆಯಲ್ಲೇ ಉಂಡ.

ಮರುದಿನ ಭಾನುಮತಿ ಅಂಗಡಿಗೆ ಹೋಗಿ ಕಿತ್ತಳೆ ತಂದಳು. ಬೋಗುಣಿಯ ತುಂಬ ಸಿಪ್ಪೆ ಸಮೇತ ಹಣ್ಣು ಜೋಡಿಸಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, "ಹಣ್ಣು ತಿನ್ನೋಕೆ ಬನ್ನಿ ಮಿರಿಯಮ್ಮ," ಎಂದಳು.

ಮಿರಿಯಮ್ಮ ಬಂದರು. ಬೋಗುಣಿಯ ಅಂಚನ್ನು ಒಮ್ಮೆ ಸವರಿ, ಒಂದು ಕಿತ್ತಳೆ ಎತ್ತಿಕೊಂಡು ಕೂತು, ಉಗುರಿನಿಂದ ಸಿಪ್ಪೆ ಬಿಡಿಸತೊಡಗಿದರು. ಅವರ ಕಣ್ಣು ತುಂಬಿತ್ತು. ಭಾನುಮತಿ ಸಿಪ್ಪೆಗೆಂದು ಪೇಪರು ಹಾಸಿದಳು.

ಅಷ್ಟರಲ್ಲಿ ಚಂದ್ರಮೋಹನ ಒಳಗೆ ಬಂದ. "ಅಷ್ಟು ಚೆಂದದ ಬೋಗುಣೀಲಿ ಬರೀ ಕಿತ್ತಳೆ ಯಾಕೆ ತುಂಬಿದ್ದೀಯ? ಏನಾದ್ರೂ ಕಾರಣ ಇದೆಯಾ?"

"ಕಾರಣ ಏನೂ ಇಲ್ಲ ಕಣ್ರೀ," ಎಂದು ಭಾನುಮತಿ ಬೋಗುಣಿಯನ್ನು ಮಿರಿಯಮ್ಮನ ಕೈಗೆ ಎಟುಕುವಂತೆ ಇನ್ನಷ್ಟು ಹತ್ತಿರ ಸರಿಸಿದಳು.